ಸೋಮವಾರದ ನೀರು

ಆ ಕೊಳವನ್ನು ಅಗೆದವರು ನಾವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿನ ಬಾಗಿಲಲ್ಲಿ ನೆಟ್ಟಿರುವ ಕಲ್ಲಿನ ಮೇಲೆ ಐದು ಹೆಸರು ಕೆತ್ತಿದ್ದಾರೆ. ಮೇಯರನದು, ಬ್ಯಾಂಕಿನವನದು, ಕಿತ್ತಳೆ ತೋಟದ ಮೂವರು ಮಾಲೀಕರದು. ಐವರಲ್ಲಿ ಒಬ್ಬನೂ ಒಂದು ಸಲಿಕೆ ಮಣ್ಣು ಎತ್ತಿದವನಲ್ಲ. ಎತ್ತಿದವರು ರೈಲು ಕಂಬಿಯ ಆಚೆಗಿನ ನಮ್ಮ ಮೆಕ್ಸಿಕನ್ನರ ಕೇರಿಯ ನಲವತ್ತು ಗಂಡಸರು. ಅವರನ್ನು ಕರೆದುಕೊಂಡು ಹೋದವನು ನನ್ನ ಅಣ್ಣ ಅನ್ಸೆಲ್ಮೊ.

ಅಲ್ಮೆಂಡ್ರಾ ಊರು ಕಿತ್ತಳೆಯಿಂದ ಬದುಕುತ್ತಿತ್ತು. ಕಿತ್ತಳೆ ನಮ್ಮಿಂದ ಬದುಕುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಗಂಡಸರು ಏಣಿಯ ಮೇಲೆ, ಹೆಂಗಸರು ಹಣ್ಣು ಕಟ್ಟುವ ಶೆಡ್ಡಿನಲ್ಲಿ. ನಮ್ಮದು ಅಂತ ಉಳಿದದ್ದು ಭಾನುವಾರ ಒಂದೇ. ಅದನ್ನೂ ಕೇಳಲು ಹಾರ್ಲನ್ ಬಂದ.

ಹಾರ್ಲನ್ ಊರಿನ ಪಾರ್ಕಿನ ಮೇಲ್ವಿಚಾರಕ. ಬಿಳಿಯ. ಆದರೆ ಕೇರಿಗೆ ಬಂದರೆ ಕಾರಿನಿಂದಿಳಿದು ಒಳಗೆ ಬರುತ್ತಿದ್ದ. ಅಷ್ಟಿಷ್ಟು ಸ್ಪ್ಯಾನಿಷ್ ಕಲಿತಿದ್ದ. ನಮ್ಮ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಕೂತು ಜೋಳದ ಹಿಟ್ಟಿನ ತಮಾಲೆ ತಿಂದ. ಮೊದಲ ಸಲ, ಅದಕ್ಕೆ ಸುತ್ತಿದ್ದ ಜೋಳದ ಸಿಪ್ಪೆಯನ್ನೂ ಸೇರಿಸಿ ಕಚ್ಚಿದ. ಅಣ್ಣನ ಮಗಳು ಅಮಾಲಿಯಾಳಿಗೆ ಆಗ ಹನ್ನೊಂದು ವರ್ಷ. ಅವಳು ನಗುತ್ತಾ ಸಿಪ್ಪೆ ಬಿಚ್ಚುವುದು ಹೇಗೆಂದು ತೋರಿಸಿಕೊಟ್ಟಳು. ಅತ್ತಿಗೆ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅಂಥ ನಗು ಕೇಳಿ ಬಹಳ ದಿನವಾಗಿತ್ತು. ಅಣ್ಣ ಅವನನ್ನು ನಂಬಿದ್ದು ಆ ಹೊತ್ತಿಗೇ ಇರಬೇಕು.

"ಪಾರ್ಕಲ್ಲಿ ಟೆನಿಸ್ ಅಂಗಳ ಇದೆ, ಉಯ್ಯಾಲೆ ಇದೆ, ಬ್ಯಾಂಡ್ ಬಾರಿಸೋ ಕಟ್ಟೆ ಇದೆ. ಕೊಳ ಒಂದಿಲ್ಲ," ಅಂದ ಹಾರ್ಲನ್. "ಅಗೆಯೋಕೆ ಊರಿನವರ ಹತ್ರ ಆಳಿಲ್ಲ. ನಿಮ್ಮ ಜನ ಕೈ ಹಾಕಿದ್ರೆ ಬೇಸಿಗೆಗೆ ನೀರು ತುಂಬಬಹುದು."

"ತುಂಬಿದ ಮೇಲೆ?" ಅಂದ ಅಣ್ಣ. "ನಮ್ಮ ಮಕ್ಕಳು?"

"ಒಂದೇ ಬಾಗಿಲು, ಒಂದೇ ನೀರು. ನನ್ನ ಮಾತು, ಅನ್ಸೆಲ್ಮೊ."

ಕ್ರಿಸ್ಪಿನಜ್ಜ ಕೇರಿಗೆಲ್ಲ ಹಿರಿಯ. ಅವನು ನಂಬಲಿಲ್ಲ. "ಉಯ್ಯಾಲೆ ಮೇಲೆ ನಮ್ಮ ಹುಡುಗ್ರು ಕೂತ್ರೆ ಓಡಿಸ್ತಾರೆ. ಕೊಳಕ್ಕೆ ಇಳಿಸ್ತಾರಾ? ಏ ಅನ್ಸೆಲ್ಮೊ, ನಿಂಗೆ ತಲೆ ಕೆಟ್ಟಿದೆ."

"ಅವ್ರು ಮಾತು ಕೊಟ್ಟಿದಾರೆ ಅಜ್ಜ."

ಆದರೂ ಅಜ್ಜನೂ ಬಂದ. ಎಲ್ಲರೂ ಬಂದರು. ಮಕ್ಕಳು ನೀರಾವರಿ ಕಾಲುವೆಯಲ್ಲಿ ಈಜಿ ಸಾಯುತ್ತಿದ್ದರು. ಹಿಂದಿನ ವರ್ಷ ಇಬ್ಬರು ಹೋಗಿದ್ದರು. ಅದಕ್ಕೇ ಬಂದರು.

ಇಪ್ಪತ್ತೆರಡು ಭಾನುವಾರ ಅಗೆದರು. ಮೇಲಿನ ಮೂರಡಿ ಮಣ್ಣು. ಅದರ ಕೆಳಗೆ ಸುಟ್ಟ ಇಟ್ಟಿಗೆಯಂಥ ಗಟ್ಟಿ ನೆಲ. ಗುದ್ದಲಿ ಹಾಕಿದರೆ ತೋಳಿನವರೆಗೆ ಜುಮ್ಮೆನ್ನುತ್ತಿತ್ತು. ಅಂಗೈ ಒಡೆದು ಸೋಮವಾರ ಏಣಿ ಹಿಡಿಯಲಾಗದೆ ಚಿಂದಿ ಸುತ್ತಿಕೊಂಡು ಹಣ್ಣು ಕೊಯ್ದರು. ಕಲ್ಲು ತುಂಬಿದ ಗಾಡಿ ಕಾಲ ಮೇಲೆ ಹಾದು ಕ್ರಿಸ್ಪಿನಜ್ಜನ ಎರಡು ಬೆರಳು ಹೋದವು. ನಾವು ಹೆಂಗಸರು ಬೀನ್ಸು, ರೊಟ್ಟಿ ಹೊತ್ತು ಹೋಗಿ ಗುಂಡಿಯ ಅಂಚಿನಲ್ಲಿ ಬಡಿಸಿದೆವು. ಹಾರ್ಲನ್ ಬರುತ್ತಿದ್ದ. ಕೋಟು ಬಿಚ್ಚಿ ಒಂದರ್ಧ ಗಂಟೆ ಅಗೆಯುತ್ತಿದ್ದ. ಅದನ್ನೂ ಹೇಳಬೇಕು. ಅವನು ಬರೀ ಕೆಟ್ಟವನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮೇ ತಿಂಗಳಲ್ಲಿ ನೀರು ತುಂಬಿತು. ಅದೇ ವಾರ ಬೇಲಿಗೆ ಒಂದು ಫಲಕ ಹೊಡೆದರು.

ಮೆಕ್ಸಿಕನ್ನರಿಗೆ ಸೋಮವಾರ ಮಾತ್ರ.

ಸೋಮವಾರ ದುಡಿಯುವ ದಿನ. ಅದೂ ಇರಲಿ. ಸೋಮವಾರ ಸಂಜೆ ನಮ್ಮ ಮಕ್ಕಳು ಮೇಲೆದ್ದ ಕೂಡಲೇ ತೂಬು ತೆರೆದು ಅಷ್ಟೂ ನೀರನ್ನು ಹೊರಗೆ ಬಿಡಬೇಕು. ಮಂಗಳವಾರ ಕೊಳ ಉಜ್ಜಬೇಕು. ಬುಧವಾರ ಹೊಸ ನೀರು, ಬಿಳಿಯರ ಮಕ್ಕಳಿಗೆ. ವಾರವಿಡೀ ಅವರು ಈಜಿ, ಉಗಿದು, ಉಚ್ಚೆ ಹೊಯ್ದ ನೀರು ಮುಂದಿನ ಸೋಮವಾರ ನಮಗೆ.

ಆ ತೂಬು ತೆರೆಯುವ ಕೆಲಸ ಅಣ್ಣನಿಗೇ ಸಿಕ್ಕಿತು. ಹಾರ್ಲನ್ ಕೊಡಿಸಿದ. ನನಗೂ ಒಂದು ಕೊಡಿಸಿದ. ಟವೆಲ್ ಒಗೆಯುವುದು.

"ಪಾರ್ಕಿನ ಸಮಿತಿಯವರು ಒಪ್ಪಲಿಲ್ಲ ಅನ್ಸೆಲ್ಮೊ," ಅಂದ ಅವನು. "ಒಂದು ವರ್ಷ ನಡೀಲಿ. ಜನಕ್ಕೆ ಅಭ್ಯಾಸ ಆಗ್ಲಿ. ನಾನಿದೀನಲ್ಲ."

"ಆಯ್ತು ಸಾಹೇಬ್ರೆ," ಅಂದ ಅಣ್ಣ.

ಒಂದು ವರ್ಷ ನಾಲ್ಕಾಯಿತು. ಪ್ರತಿ ಮಂಗಳವಾರ ಅಣ್ಣ ಖಾಲಿ ಕೊಳಕ್ಕಿಳಿದು ಮಂಡಿಯೂರುತ್ತಿದ್ದ. ಜೊತೆಗೆ ಕೇರಿಯ ಇಬ್ಬರು. ತಂತಿ ಬ್ರಷ್ಷು, ಒಗೆಯುವ ಸೋಡಾ ಕದಡಿದ ನೀರು. ಬಿಸಿಲು ನಾಲ್ಕು ಗೋಡೆಗೂ ಬಡಿದು ಒಳಗೆ ಒಲೆಯ ಹಾಗಾಗುತ್ತಿತ್ತು. ಸೋಡಾ ಅವನ ಉಗುರಿನ ಸಂದನ್ನು ತಿಂದಿತು. ಮಂಡಿ ಕಪ್ಪುಗಟ್ಟಿ ಕುರ್ಚಿಯ ಚರ್ಮದ ಹಾಗಾಯಿತು. ತನ್ನ ಮಗಳು ಮುಟ್ಟಿದ ಗೋಡೆಯನ್ನು, ಮುಟ್ಟಿದ್ದು ಹೋಗಲಿ ಎಂದು ಅವನು ಉಜ್ಜುತ್ತಿದ್ದ. ಅದನ್ನು ನಾನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನನ್ನ ಟವೆಲ್‌ಗಳಲ್ಲೂ ಎರಡು ಜಾತಿ. ಅಂಚಿಗೆ ಕೆಂಪು ದಾರ ಇರುವವು ಸೋಮವಾರದವು. ಅವನ್ನು ಬೇರೆ ಹಂಡೆಯಲ್ಲಿ ಕುದಿಸಬೇಕು. ಕೆಂಪು ದಾರ ಹೊಲಿದವಳೂ ನಾನೇ.

ಕೇರಿಯಲ್ಲಿ ಅಣ್ಣನನ್ನು ಕಂಡರೆ ನಗುತ್ತಿದ್ದರು. "ಬಂದ ನೋಡು ಹಾರ್ಲನ್ನನ ಬಾಲ. ಏನಪ್ಪಾ, ಈ ವಾರ ಎಷ್ಟು ಕೊಳೆ ಬಿಟ್ವಿ ನಾವು?"

ಅಣ್ಣ ತಲೆ ತಗ್ಗಿಸಿ ಹಾದುಹೋಗುತ್ತಿದ್ದ. ಮನೆಗೆ ಬಂದು ನನಗೆ ಹೇಳುತ್ತಿದ್ದ, "ಅವ್ರಿಗೆ ಗೊತ್ತಿಲ್ಲ ಪೆತ್ರಾ. ಹಾರ್ಲನ್ ಸಾಹೇಬ್ರು ಒಳಗಿಂದೊಳಗೆ ಪ್ರಯತ್ನ ಮಾಡ್ತಾ ಇದಾರೆ."

ಅಮಾಲಿಯಾ ಮಾತ್ರ ಒಂದು ಸೋಮವಾರವನ್ನೂ ಬಿಡಲಿಲ್ಲ. ಕೊಳಕು ನೀರೋ ಚೊಕ್ಕ ನೀರೋ, ಅವಳಿಗೆ ನೀರು ಸಿಕ್ಕರೆ ಸಾಕು. ಬೇರೆಯವರು ನೀರನ್ನು ಬಡಿಯುತ್ತಾರೆ. ಅವಳು ಬಡಿಯುತ್ತಿರಲಿಲ್ಲ. ಕೈ ಒಳಗೆ ಹೋಗುವಾಗ ಸದ್ದೇ ಇರುತ್ತಿರಲಿಲ್ಲ. ಸಾವಿರದ ಒಂಬೈನೂರ ಮೂವತ್ತೆಂಟರ ಜೂನಿನಲ್ಲಿ ಒಂದು ಸೋಮವಾರ ಹಾರ್ಲನ್ ಕೊಳದಂಚಿನಲ್ಲಿ ನಿಂತು ಅವಳನ್ನು ನೋಡಿದ. ಜೇಬಿನಿಂದ ಗಡಿಯಾರ ತೆಗೆದ. "ಇನ್ನೊಂದ್ಸಲ ಹೋಗು," ಅಂದ. ಹೋದಳು. ಗಡಿಯಾರವನ್ನು ಕಿವಿಗಿಟ್ಟು ಅಲ್ಲಾಡಿಸಿ ನೋಡಿದ. "ಇನ್ನೊಂದ್ಸಲ."

ಅಂದು ಅವನು ನೇರ ನಮ್ಮ ಮನೆಗೆ ಬಂದ. ಮುಖ ಕೆಂಪಾಗಿತ್ತು. ಖುಷಿಯಿಂದಲೇ. ಸುಳ್ಳು ಹೇಳಲಾರೆ.

"ಊರಲ್ಲಿ ಇವಳ ಸಮ ಯಾರೂ ಇಲ್ಲ. ಜಿಲ್ಲೇಲೇ ಇಲ್ಲ. ಜುಲೈ ಕೊನೇ ಶನಿವಾರ ನಮ್ಮ ಪಾರ್ಕಲ್ಲಿ ಜಿಲ್ಲಾ ಈಜು ಸ್ಪರ್ಧೆ. ಐದು ಊರಿಂದ ಬರ್ತಾರೆ. ಅಮಾಲಿಯಾ ಅಲ್ಮೆಂಡ್ರಾ ಪರವಾಗಿ ಈಜ್ತಾಳೆ."

"ಶನಿವಾರ?" ಅಂದೆ ನಾನು.

"ಶನಿವಾರ."

"ಫಲಕ?"

"ಅವಳು ಗೆದ್ದ ದಿನ ಫಲಕ ತಾನಾಗೇ ಬೀಳುತ್ತೆ ಪೆತ್ರಾ. ಗೆದ್ದವರನ್ನ ಯಾರು ಹೊರಗೆ ಹಾಕ್ತಾರೆ?"

ಅಮಾಲಿಯಾ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅವಳ ಮುಖ ನೋಡಿ ನಾನು ಬಾಯಿ ಮುಚ್ಚಿದೆ.

ನೋಡುವವರು ಕೂರಲು ಮರದ ಮೆಟ್ಟಿಲು ಕಟ್ಟಬೇಕಿತ್ತು. ಹಾರ್ಲನ್ ಅಣ್ಣನನ್ನು ಕೇಳಿದ. ಅಣ್ಣ ಮತ್ತೆ ಕೇರಿಯ ಬಾಗಿಲು ಬಾಗಿಲು ತಟ್ಟಿದ. "ಮತ್ತೆ ಕರೀತಾನಾ ನಿನ್ನ ದೋಸ್ತ?" ಅಂದ ಕ್ರಿಸ್ಪಿನಜ್ಜ. ಅಣ್ಣ ಅಂದ, "ಅವ್ರಿಗಲ್ಲ ಅಜ್ಜ. ನನ್ನ ಮಗಳಿಗೆ." ಅಜ್ಜ ಸುತ್ತಿಗೆ ತೆಗೆದುಕೊಂಡ. ನಾಲ್ಕು ಭಾನುವಾರದಲ್ಲಿ ಮೆಟ್ಟಿಲು ಎದ್ದವು. ಮುನ್ನೂರು ಜನ ಕೂರುವಷ್ಟು. ನಾನು ಕಡುನೀಲಿ ಉಣ್ಣೆ ಬಟ್ಟೆ ತಂದು ಈಜುಡುಪು ಹೊಲಿದೆ. ಮೂರು ಸಲ ಬಿಚ್ಚಿ ಹೊಲಿದೆ.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ನಾವು ಮೂವರೂ ಪಾರ್ಕಿಗೆ ಹೋದೆವು. ಅಮಾಲಿಯಾ ಉಡುಪಿನ ಮೇಲೆ ಲಂಗ ಹಾಕಿಕೊಂಡಿದ್ದಳು. ಬ್ಯಾಂಡಿನವರು ಬಂದಿದ್ದರು. ಮೆಟ್ಟಿಲ ಮೇಲೆ ಜನ ತುಂಬುತ್ತಿದ್ದರು, ಹ್ಯಾಟುಗಳು, ಛತ್ರಿಗಳು, ನಿಂಬೆ ಪಾನಕದ ಲೋಟಗಳು. ಹಾರ್ಲನ್ ಗೇಟಿನ ಒಳಗೇ ನಿಂತಿದ್ದ. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಹೆಸರಿನ ಪಟ್ಟಿ. ನಮ್ಮನ್ನು ಕಂಡು ಪಟ್ಟಿ ನೋಡತೊಡಗಿದ.

"ಒಂದು ಸಣ್ಣ ತೊಂದರೆ ಆಗಿದೆ ಅನ್ಸೆಲ್ಮೊ."

ಅಣ್ಣ ಕಾದ.

"ಬೇರೆ ಊರಿನವರು ತಕರಾರು ತೆಗೆದ್ರು. ಅವಳು ಇಳಿದ್ರೆ ತಮ್ಮ ಹುಡುಗೀರು ಇಳಿಯಲ್ಲ ಅಂದ್ರು. ನಾನು ಹೇಳಿದೆ. ತುಂಬಾ ಹೇಳಿದೆ. ಸ್ಪರ್ಧೆಯೇ ನಿಂತುಹೋಗುತ್ತೆ."

"ಯಾವಾಗ ಅಂದ್ರು?" ಇದು ನಾನು.

ಅವನು ನನ್ನ ಕಡೆ ತಿರುಗಲಿಲ್ಲ. "ಹದಿನೈದು ದಿನ ಆಯ್ತು."

ಹದಿನೈದು ದಿನ. ಆಮೇಲೂ ಎರಡು ಭಾನುವಾರ ನಮ್ಮ ಗಂಡಸರು ಮೆಟ್ಟಿಲಿಗೆ ಮೊಳೆ ಹೊಡೆದಿದ್ದರು. ಹಾರ್ಲನ್ ಬಂದು "ಭೇಷ್" ಅಂದು ಬೆನ್ನು ತಟ್ಟಿ ಹೋಗಿದ್ದ.

"ಮುಂದಿನ ವರ್ಷ ಖಂಡಿತ," ಅಂದ ಅವನು. "ಇವತ್ತು ಅಮಾಲಿಯಾ ಟವೆಲ್ ಕೊಡ್ಲಿ. ಒಳಗೇ ಇರ್ತಾಳೆ. ಎಲ್ಲಾ ಹತ್ರದಿಂದ ನೋಡಬಹುದು."

ಅಣ್ಣ ಬಾಯಿ ತೆರೆದ. ಈಗ ಏನಾದರೂ ಅನ್ನುತ್ತಾನೆ ಅಂದುಕೊಂಡೆ.

"ಆಯ್ತು ಸಾಹೇಬ್ರೆ," ಅಂದ.

ನಾಲ್ಕು ವರ್ಷದ ಅಭ್ಯಾಸ. ನಾಲಿಗೆ ತಾನಾಗಿ ಅಂದುಬಿಟ್ಟಿತು. ಆದರೆ ಅಂದದ್ದು ಅಂದದ್ದೇ. ಅಮಾಲಿಯಾ ಅಪ್ಪನನ್ನು ನೋಡಿದಳು. ಹಾರ್ಲನ್ನನನ್ನು ಅವಳು ನೋಡಲೇ ಇಲ್ಲ. ಅಪ್ಪನನ್ನೇ ನೋಡಿದಳು.

ಆಮೇಲೆ ನಡೆದಳು. ಓಡಲಿಲ್ಲ, ನಡೆದಳು. ಕೊಳದ ಅಂಚಿಗೆ ಹೋಗಿ ಲಂಗ ಬಿಚ್ಚಿ ಮಡಿಸಿ ನೆಲದ ಮೇಲಿಟ್ಟಳು. ಧುಮುಕಿದಳು.

ಬ್ಯಾಂಡ್ ನಿಂತಿತು. ಅವಳು ಆ ತುದಿಗೆ ಹೋಗಿ ತಿರುಗಿ ಈ ತುದಿಗೆ ಬಂದಳು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಎಂಥ ಈಜು ಅಂತ ಅವರಿಗೂ ಕಂಡಿತ್ತು. ಮೇಲಿನ ಮೆಟ್ಟಿಲಿನಿಂದ ಒಬ್ಬ ಹೆಂಗಸು ಕಿರುಚಿದಳು, "ಎಳೀರಿ ಅದನ್ನ ಹೊರಗೆ!" ಆಮೇಲೆ ಎಲ್ಲರೂ ಕಿರುಚಿದರು.

"ಅನ್ಸೆಲ್ಮೊ, ನಿನ್ನ ಮಗಳನ್ನ ತೆಗಿ," ಅಂದ ಹಾರ್ಲನ್. "ಬೇಗ. ದಮ್ಮಯ್ಯ."

ಅಣ್ಣ ಹೋದ. ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದ. ಅವಳು ಆ ಕೈಯನ್ನು ಹಿಡಿಯಲಿಲ್ಲ. ತಾನೇ ತೋಳೂರಿ ಮೇಲೆದ್ದಳು. ನಾನು ಟವೆಲ್ ಹೊದಿಸಿದೆ. ಕೆಂಪು ದಾರ ಇಲ್ಲದ್ದು.

ಹಾರ್ಲನ್ ಮುಖ ಒರೆಸಿಕೊಂಡು ಜನರ ಕಡೆ ಕೈಯೆತ್ತಿದ. "ಎಲ್ಲ ಮುಗೀತು, ಐದು ನಿಮಿಷದಲ್ಲಿ ಶುರು ಮಾಡ್ತೀವಿ."

ಅಣ್ಣ ಮಂಡಿಯೂರಿದಲ್ಲಿಯೇ ಇದ್ದ. ತನ್ನ ಖಾಲಿ ಕೈಯನ್ನೇ ನೋಡುತ್ತಿದ್ದ. ಎದ್ದ. ಪಂಪಿನ ಕೋಣೆಗೆ ಹೋದ.

ತೂಬಿನ ಸದ್ದು ನನಗೆ ಗೊತ್ತು. ಮೊದಲು ನೆಲದ ಕೆಳಗೆ ಗುಡುಗಿದ ಹಾಗೆ, ಆಮೇಲೆ ದೊಡ್ಡ ಗಂಟಲು ನುಂಗಿದ ಹಾಗೆ. ಕೊಳದ ಆಳದ ಕಡೆ ನೀರು ಸುಳಿ ತಿರುಗಿತು. ಸಾಲಾಗಿ ನಿಂತಿದ್ದ ಹುಡುಗಿಯರು ಬಗ್ಗಿ ನೋಡಿದರು. ಅಣ್ಣ ತೂಬಿನ ಕಬ್ಬಿಣದ ಚಕ್ರವನ್ನು ಬಿಚ್ಚಿ ತಂದು ಕೋಣೆಯ ಹೊಸ್ತಿಲ ಮೇಲೆ ಕೂತ. ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡ.

ಹಾರ್ಲನ್ ಓಡಿ ಬಂದ. "ಏನ್ ಮಾಡ್ತಾ ಇದೀಯ? ಮುಚ್ಚು!"

"ನಿಮ್ಮ ಕಾನೂನು," ಅಂದ ಅಣ್ಣ. "ನಮ್ಮವರು ಇಳಿದ ನೀರು ನಿಮ್ಮವರು ಮುಟ್ಟಬಾರ್ದು. ನಾಲ್ಕು ವರ್ಷ ನನ್ನ ಕೈಲೇ ಮಾಡಿಸಿದೀರ. ಇವತ್ತು ಹೇಳದೇನೇ ಮಾಡಿದೀನಿ."

"ಹುಚ್ಚಾಟ ಬೇಡ. ಐದೂರಿನ ಜನ ಕೂತಿದಾರೆ."

"ಮೆಟ್ಟಿಲು ಗಟ್ಟಿಯಾಗಿವೆ. ನಾವೇ ಕಟ್ಟಿದ್ದು. ಕೂತಿರ್ಲಿ."

ಹಾರ್ಲನ್ ದನಿ ಇಳಿಸಿದ. ಅಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಅನ್ಸೆಲ್ಮೊ, ನಿನ್ನ ಸ್ನೇಹಿತನಾಗಿ ಕೇಳ್ತಾ ಇದೀನಿ."

ಆಗ ಅಣ್ಣ ತಲೆಯೆತ್ತಿದ. ಅಲ್ಲಿಯವರೆಗೆ ಅವನನ್ನು 'ನೀವು' ಅಂತಲೇ ಕರೆದಿದ್ದ, ಜ್ವರದಲ್ಲಿ ಬಡಬಡಿಸುವಾಗಲೂ.

"ಹದಿನೈದು ದಿನ ಗೊತ್ತಿತ್ತು ನಿಂಗೆ," ಅಂದ. "ನನ್ನ ಮನೇಲಿ ಉಂಡೆ. ನನ್ನ ಜನರ ಕೈಲಿ ಮೊಳೆ ಹೊಡೆಸ್ದೆ. ನನ್ನ ಮಗಳು ದಿನಾ ಬೆಳಗಾದ್ರೆ ಎಷ್ಟು ದಿನ ಉಳೀತು ಅಂತ ಕೇಳ್ತಿದ್ಲು. ನಿಂಗೆ ಗೊತ್ತಿತ್ತು. ಬೇರೆ ಊರಿನವರ ಮೇಲೆ ನಂಗೆ ಸಿಟ್ಟಿಲ್ಲ ಕಣೋ. ಅವ್ರು ನಂಗೇನೂ ಮಾತು ಕೊಟ್ಟಿರ್ಲಿಲ್ಲ."

ಹಾರ್ಲನ್ ಎದ್ದು ಹೋಗಿ ಪೊಲೀಸರಿಗೆ ಫೋನ್ ಮಾಡಿದ.

ಅವರು ಬಂದು ಚಕ್ರ ಕಿತ್ತುಕೊಳ್ಳಲು ನೋಡಿದರು. ಅಣ್ಣ ಬಿಡಲಿಲ್ಲ. ಲಾಠಿಯಿಂದ ಬೆರಳ ಗೆಣ್ಣಿಗೆ ಹೊಡೆದರು. ಆಗಲೂ ಬಿಡಲಿಲ್ಲ. ಚಕ್ರದ ಸಮೇತ ಅವನನ್ನು ಎತ್ತಿ ಗಾಡಿಗೆ ಹಾಕಿದರು. ಅಷ್ಟು ಹೊತ್ತಿಗೆ ನೀರು ಸೊಂಟಕ್ಕೆ ಇಳಿದಿತ್ತು. ಮೆಟ್ಟಿಲ ಮೇಲಿನವರು ಎದ್ದು ಹೊರಟಿದ್ದರು. ಅಮಾಲಿಯಾ ಗಾಡಿಯ ಹಿಂದೆ ಓಡಿದಳು. ಒದ್ದೆ ಮೈ, ಬರಿಗಾಲು. "ಅಪ್ಪಾ! ಅಪ್ಪಾ!" ಅಂತ ಕೂಗಿದಳು. ಅಣ್ಣ ಸರಳಿನ ಸಂದಿನಿಂದ ಬೆರಳು ಹೊರಗೆ ಹಾಕಿದ. ರಕ್ತ ಸುರಿಯುತ್ತಿದ್ದ ಬೆರಳು. ಅವಳು ಅದನ್ನು ಹಿಡಿದುಕೊಂಡು ರಸ್ತೆಯ ತಿರುವಿನವರೆಗೂ ಓಡಿದಳು.

ಮೂವತ್ತು ದಿನ ಜೈಲು ಹಾಕಿದರು. ಅವನ ಕೆಲಸ ಹೋಯಿತು. ನನ್ನದನ್ನು ನಾನೇ ಬಿಟ್ಟೆ. ಹಂಡೆ ಮಗುಚಿಟ್ಟು ಬಂದೆ.

ಖಾಲಿ ಕೊಳವನ್ನು ಉಜ್ಜಬೇಕಿತ್ತು. ಹಾರ್ಲನ್ ಕೇರಿಗೆ ಬಂದ. ಕ್ರಿಸ್ಪಿನಜ್ಜ ಬೀದಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಹಿಂದೆ ಗಂಡಸರೆಲ್ಲ ನಿಂತಿದ್ದರು. ಅಣ್ಣನನ್ನು ಬಾಲ ಅಂದವರೂ ಇದ್ದರು.

"ಇಬ್ರು ಸಾಕು," ಅಂದ ಹಾರ್ಲನ್.

"ನಿಮ್ಮ ಮನೇಲಿ ಎಷ್ಟು ಜನ ಸಾಹೇಬ್ರೆ?" ಅಂದ ಅಜ್ಜ.

"ಯಾಕೆ?"

"ಇಬ್ರು ಸಿಗ್ತಾರೇನೋ ಅಂತ."

ಯಾರೂ ಹೋಗಲಿಲ್ಲ. ಉಳಿದ ಬೇಸಿಗೆಯಿಡೀ ಕೊಳ ಬಾಯಿಬಿಟ್ಟುಕೊಂಡು ಬಿದ್ದಿತ್ತು. ತಳದಲ್ಲಿ ನಿಂತ ನೀರಿಗೆ ಪಾಚಿ ಕಟ್ಟಿತು, ಸೊಳ್ಳೆ ಎದ್ದವು. ಕೊನೆಗೆ ಊರಿನ ಬಿಳಿಯ ಹುಡುಗರಿಂದಲೇ ಉಜ್ಜಿಸಿದರಂತೆ. ಒಂದು ವಾರ ಮಾಡಿ ಓಡಿಹೋದರಂತೆ. ಸೋಮವಾರ ಅಂತ ಒಂದು ಬೇರೆ ದಿನ ಇಟ್ಟರೆ ವಾರವಾರವೂ ಉಜ್ಜಬೇಕು, ಆ ಕೈ ಎಲ್ಲಿಂದ ತರುತ್ತಾರೆ? ಮರುವರ್ಷ ಮೇ ತಿಂಗಳಲ್ಲಿ ನೋಡಿದರೆ ಬೇಲಿಯ ಮೇಲೆ ಫಲಕ ಇರಲಿಲ್ಲ. ಯಾರೂ ಏನೂ ಹೇಳಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ. ನಾಲ್ಕು ಮೊಳೆಯ ತೂತು ಮಾತ್ರ ಇದ್ದವು.

ಅಣ್ಣ ಆಗ ನಿಂಬೆ ತೋಟದಲ್ಲಿ ಏಣಿ ಹತ್ತುತ್ತಿದ್ದ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. "ಹೋಗೋಣ ಬಾ ಅಪ್ಪ," ಅಂದಳು ಅಮಾಲಿಯಾ.

"ನೀನು ಹೋಗು ಮಗಳೇ. ನನ್ನ ಕೈಲಾಗಲ್ಲ. ಅವನ ಮುಖ ನೋಡಿದ್ರೆ ನಾನು ಮತ್ತೆ ನಂಬಿಬಿಡ್ತೀನಿ."

ನಾನು ಹೋದೆ ಅವಳ ಜೊತೆ. ಶನಿವಾರ, ಹತ್ತೂಮುಕ್ಕಾಲು. ಟಿಕೆಟಿನ ಹುಡುಗಿ ನಮ್ಮನ್ನು ನೋಡಿ ಹಿಂದೆ ತಿರುಗಿ ನೋಡಿ, ಯಾರೂ ಇಲ್ಲದ್ದರಿಂದ ಟಿಕೆಟ್ ಹರಿದು ಕೊಟ್ಟಳು. ಕೊಳ ತುಂಬಾ ಮಕ್ಕಳು, ತಾಯಂದಿರು, ಕೇಕೆ. ಅಮಾಲಿಯಾ ಏಣಿಯಿಂದ ಮೆಲ್ಲಗೆ ಇಳಿದಳು. ಈಜತೊಡಗಿದಳು.

ಮೊದಲು ಒಬ್ಬ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಮೇಲೆ ಬಂದಳು. ಆಮೇಲೆ ಇನ್ನೊಬ್ಬಳು. "ಬಾ ಇಲ್ಲಿ, ಬಾ ಅಂದ್ನಲ್ಲ!" ಅಂತ ಕರೆಯುವ ದನಿಗಳು. ಹುಡುಗರು ಎದ್ದರು. ಹುಡುಗಿಯರು ಎದ್ದರು. ಐದು ನಿಮಿಷವೂ ಆಗಿರಲಿಲ್ಲ. ನೂರಕ್ಕೂ ಹೆಚ್ಚು ಜನ ನೀರು ಸುರಿಸುತ್ತಾ ಸುತ್ತ ಅಂಚಿನಲ್ಲಿ ನಿಂತಿದ್ದರು. ನೀರಿನಲ್ಲಿ ಅವಳೊಬ್ಬಳೇ. ಬೈಯುವವರಿರಲಿಲ್ಲ, ಕಿರುಚುವವರಿರಲಿಲ್ಲ. ಅವಳಿಗೆ ದಣಿವಾಗಲಿ ಅಂತ ಕಾಯುತ್ತಿದ್ದರು.

ಹಾರ್ಲನ್ ಆಚೆ ಬದಿಯಲ್ಲಿದ್ದ. ಈಜುಡುಪಿನಲ್ಲಿದ್ದ. ಮಂಡಿಯವರೆಗೆ ಒದ್ದೆಯಾಗಿದ್ದ. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಅವನೊಬ್ಬ ಇಳಿದಿದ್ದರೆ ಇನ್ನಿಬ್ಬರು ಇಳಿಯುತ್ತಿದ್ದರೇನೋ. ನಾನು ಅವನನ್ನೇ ನೋಡಿದೆ. ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದ. ಆಮೇಲೆ ಒರೆಸಿಕೊಳ್ಳಲು ಟವೆಲ್ ತೆಗೆದುಕೊಂಡ.

ಅಮಾಲಿಯಾ ನನ್ನ ಬಳಿ ಬಂದು ಅಂಚು ಹಿಡಿದಳು. ಸುತ್ತ ನಿಂತವರನ್ನೆಲ್ಲ ನೋಡಿದಳು. ಅಳುತ್ತಾಳೆ, ಮನೆಗೆ ಹೋಗೋಣ ಅನ್ನುತ್ತಾಳೆ ಅಂದುಕೊಂಡೆ.

"ಅತ್ತೆ, ಎಷ್ಟೊತ್ತಿಗೆ ಮುಚ್ತಾರೆ?"

"ಆರಕ್ಕೆ."

"ಈಗೆಷ್ಟು?"

"ಹನ್ನೊಂದೂ ಕಾಲು."

"ಸರಿ," ಅಂದಳು. ಗೋಡೆಗೆ ಕಾಲೊದ್ದು ತಿರುಗಿದಳು.